ಚಕ್ರವರ್ತಿ ಆಡಿದ್ದೇ ಕ್ಲಿಂಗನ್

ಭೂಮಿಯ ಮೇಲೆ ಯಾರ ಮನೆಮಾತೂ ಅಲ್ಲದ ಒಂದು ಭಾಷೆಗೆ ನಿಘಂಟಿದೆ, ವ್ಯಾಕರಣವಿದೆ, ಅಧ್ಯಯನ ಸಂಸ್ಥೆಯಿದೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಅದರಲ್ಲಿ ಅಚ್ಚಾಗಿದೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಅದರದ್ದೇ ಒಂದು ಒಪೆರಾ ಕೂಡ ಆಯಿತು. ಇಷ್ಟಾದ ಮೇಲೆ ಒಂದು ಭಾಷೆಗೆ ಇನ್ನೇನು ಬೇಕು? ಉಪಭಾಷೆ ಬೇಕು. ಅದೂ ಇದೆ. ನಮ್ಮೂರಿನ ವಿಶ್ವವಿದ್ಯಾಲಯದ ಭಾಷಾವಿಭಾಗಗಳಲ್ಲಿ ಕುರ್ಚಿಗಳು ಖಾಲಿ ಬಿದ್ದಿರುವ ಹೊತ್ತಿನಲ್ಲಿ ಅನ್ಯಗ್ರಹದ ಕ್ರೊಟ್ಮಾಗ್ ಸೀಮೆಯವರು ‘ಬ’ಕಾರವನ್ನು ಹೇಗೆ ಉಚ್ಚರಿಸುತ್ತಾರೆ ಎಂದು ಅಚ್ಚಾದ ಪುಸ್ತಕ ತೆಗೆದು ನೋಡಬಹುದು. ‘ಮ’ ಎನ್ನುತ್ತಾರಂತೆ.

ಭಾಷೆಯ ಹೆಸರು ಕ್ಲಿಂಗನ್. ಅಮೆರಿಕದ ಬಾಹ್ಯಾಕಾಶ ಕಥೆಗಳ ಟಿವಿ-ಸಿನಿಮಾ ಸರಣಿ ಸ್ಟಾರ್ ಟ್ರೆಕ್‌ನಲ್ಲಿ ಹಣೆ ತುಂಬ ಏಣು ಎದ್ದಿರುವ, ಮಾತಿಗೆ ಮುಂಚೆ ಕತ್ತಿ ಹಿರಿಯುವ ಜನ ಬರುತ್ತಾರಲ್ಲ, ಅವರ ನುಡಿ. ಇದರ ಪ್ರಾಚೀನ ಇತಿಹಾಸ 1979ಕ್ಕೆ ಹೋಗುತ್ತದೆ. ಆ ವರ್ಷದ ಸಿನಿಮಾಕ್ಕೆ ನಾಲ್ಕಾರು ಒರಟು ಶಬ್ದ ಬೇಕಾದಾಗ ಅದೇ ಸಿನಿಮಾದಲ್ಲಿ ಹಡಗಿನ ಎಂಜಿನಿಯರ್ ಪಾತ್ರ ಮಾಡಿದ್ದ ಜೇಮ್ಸ್ ಡೂಹಾನ್ ಅವನ್ನು ಬಾಯಿಗೆ ಬಂದಂತೆ ಕಟ್ಟಿಕೊಟ್ಟ. ಮಧ್ಯಕಾಲ 1984. ಆಗ ಬಂದ ಮೂರನೆಯ ಸಿನಿಮಾಕ್ಕೆ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಆ ನಾಲ್ಕಾರು ಶಬ್ದಗಳನ್ನೇ ಬುನಾದಿ ಮಾಡಿಕೊಂಡು ವ್ಯಾಕರಣ ಎಬ್ಬಿಸಿದರು. 1985ರಲ್ಲಿ ನಿಘಂಟು ಬಂದು ಆಧುನಿಕ ಯುಗ ಶುರುವಾಯಿತು. ನಮ್ಮಲ್ಲಿ ಹಲ್ಮಿಡಿ ಶಾಸನದಿಂದ ಕವಿರಾಜಮಾರ್ಗಕ್ಕೆ ಬರಲು ನಾನೂರು ವರ್ಷ ಹಿಡಿಯಿತು. ಅವರು ಆರೇ ವರ್ಷದಲ್ಲಿ ಮುಗಿಸಿದರು.

ಓಕ್ರಾಂಡ್ ಕೈಗೆ ಕ್ಲಿಂಗನ್ ಬರುವ ಮುಂಚೆ ಅವರ ಬಳಿ ಇನ್ನೊಂದು ಭಾಷೆಯಿತ್ತು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಆಡುತ್ತಿದ್ದ ಮುತ್ಸುನ್. ಅದನ್ನು ಸರಾಗವಾಗಿ ಆಡಬಲ್ಲ ಕೊನೆಯ ಹೆಂಗಸು 1930ರಲ್ಲಿ ತೀರಿಕೊಂಡಳು. ಉಳಿದಿದ್ದ ಟಿಪ್ಪಣಿಗಳನ್ನು ಜೋಡಿಸಿ ಓಕ್ರಾಂಡ್ ಅದರ ವ್ಯಾಕರಣ ಬರೆದು 1977ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದರು. ಮನುಷ್ಯರು ಆಡಿದ್ದ ಭಾಷೆಗೆ ಬರೆದ ಆ ವ್ಯಾಕರಣವನ್ನು ಮುತ್ಸುನ್ ವಂಶದವರು, ಕೆಲವು ಪಂಡಿತರು ಬಿಟ್ಟರೆ ಯಾರೂ ಕೇಳಲಿಲ್ಲ. ಯಾರೂ ಆಡಿರದ ಭಾಷೆಗೆ ಬರೆದ ನಿಘಂಟಿನ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಭಾಷೆಯೊಂದು ಉಳಿಯಬೇಕಾದರೆ ಆಡುವವರಿಗಿಂತ ಮುಖ್ಯವಾಗಿ ಒಳ್ಳೆಯ ಮೇಕಪ್ ಇರಬೇಕು ಎಂದು ಅವರಿಗೆ ಅಲ್ಲೇ ಹೊಳೆದಿರಬೇಕು.

ಅಮೆರಿಕದವರ ಕಿವಿಗೆ ವಿಚಿತ್ರವಾಗಿ ಕೇಳಬೇಕು ಎಂಬುದೇ ಈ ಭಾಷೆಗೆ ಕೊಟ್ಟ ಗುರಿ. ಅದಕ್ಕೆ ಓಕ್ರಾಂಡ್ ಹುಡುಕಿ ತಂದದ್ದು ಏನನ್ನು ಗೊತ್ತೇ? ನಮ್ಮ ‘ಡ’ವನ್ನು. ಜೊತೆಗೆ ನಾಲಿಗೆ ಮಡಚಿ ಹೇಳುವ ‘ಷ’. ಹಾಲಿವುಡ್ ಪ್ರಕಾರ ಬ್ರಹ್ಮಾಂಡದಲ್ಲಿ ಅತ್ಯಂತ ಭೀಕರವಾಗಿ ಕೇಳುವ ಸದ್ದನ್ನು ನಾವು ಡಬ್ಬಿ, ಡೊಳ್ಳು, ಡೊಣ್ಣೆಮೆಣಸಿನಕಾಯಿ ಎಂದು ದಿನಕ್ಕೆ ನೂರು ಸಲ ಆಡುತ್ತೇವೆ. ನಮ್ಮ ಹಾಗೆ ಮೂಲ ಪದದ ಬಾಲಕ್ಕೆ ಒಂದರ ಹಿಂದೊಂದು ಪ್ರತ್ಯಯ ಅಂಟಿಸುತ್ತಾ ಹೋಗುವುದೂ ಅಲ್ಲಿದೆ. ವಾಕ್ಯದಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕರ್ತೃ ಕೊನೆಗೆ. ‘ದೋಸೆ ತಿಂದನು ರಾಯಪ್ಪ’ ಎನ್ನುವ ರೀತಿ. ಲೋಕದ ಭಾಷೆಗಳಲ್ಲಿ ಇದು ತೀರಾ ಅಪರೂಪವೆಂದು ಬೇಕೆಂದೇ ಆರಿಸಿದ್ದಂತೆ. ನಮ್ಮ ಯಕ್ಷಗಾನದ ಭಾಗವತರಿಗೂ ಸಿಟ್ಟು ಬಂದ ಅಜ್ಜಿಯಂದಿರಿಗೂ ಇದೇನು ಮಹಾ. ಈ ಸಂಗತಿ ನಮ್ಮ ಕೆಲವು ಸಂಶೋಧಕರ ಕಣ್ಣಿಗೆ ಬೀಳದಿರಲಿ. ಬಿದ್ದರೆ ಕ್ಲಿಂಗನ್ ಹುಟ್ಟಿದ್ದು ಕನ್ನಡದ ಹೊಟ್ಟೆಯಲ್ಲೋ ಪಕ್ಕದ ಮನೆಯವರ ಹೊಟ್ಟೆಯಲ್ಲೋ ಎಂದು ಎರಡು ರಾಜ್ಯ ಬಂದ್ ಆಗುತ್ತವೆ.

ಇನ್ನು ಸರ್ಕಾರಗಳ ಕಡೆ ಬರೋಣ. ಅಮೆರಿಕದ ಆರಿಗನ್ ರಾಜ್ಯದಲ್ಲಿ ಮಲ್ಟ್ನೋಮಾ ಎಂಬ ಕೌಂಟಿಯಿದೆ, ನಮ್ಮ ಜಿಲ್ಲೆ ಇದ್ದ ಹಾಗೆ. 2003ರಲ್ಲಿ ಅಲ್ಲಿನ ಮಾನಸಿಕ ಆರೋಗ್ಯ ವಿಭಾಗವು ರೋಗಿಗಳಿಗೆ ದುಭಾಷಿಗಳು ಬೇಕಾಗಬಹುದಾದ ಐವತ್ತಕ್ಕೂ ಹೆಚ್ಚು ಭಾಷೆಗಳ ಪಟ್ಟಿ ಮಾಡಿತು. ಅದರೊಳಗೆ ಕ್ಲಿಂಗನ್ ಕೂತಿತ್ತು. ಯಾರಾದರೂ ರೋಗಿ ಬೇರೆ ಭಾಷೆಯೇ ಆಡುವುದಿಲ್ಲವೆಂದು ಹಟ ಹಿಡಿದರೆ? ಮುಂಜಾಗ್ರತೆ. ಸುದ್ದಿ ಪ್ರಪಂಚವಿಡೀ ಸುತ್ತಿದ ಮೇಲೆ ಅಧಿಕಾರಿಗಳು ನಾಚಿಕೊಂಡು ಹೆಸರು ಹೊಡೆದುಹಾಕಿದರು. ನನಗೆ ಅವರ ಮೇಲೆ ಗೌರವವೇ. ಗಡಿ ಜಿಲ್ಲೆಯ ಆಸ್ಪತ್ರೆಯಲ್ಲಿ ಎದೆನೋವನ್ನು ತನಗೆ ಬಾರದ ಭಾಷೆಯಲ್ಲಿ ಕೈಸನ್ನೆ ಮಾಡಿ ವಿವರಿಸಿದ ಯಾರನ್ನೇ ಕೇಳಿ, ಬಾರದಿರುವ ರೋಗಿಗೂ ದುಭಾಷಿಯನ್ನು ಹುಡುಕಿಟ್ಟ ಜಿಲ್ಲಾಡಳಿತಕ್ಕೆ ಅವರು ಕೈಮುಗಿಯುತ್ತಾರೆ.

ವೇಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. 2015ರಲ್ಲಿ ಅಲ್ಲಿನ ವಿರೋಧ ಪಕ್ಷದ ಶಾಸಕರೊಬ್ಬರು ಕಾರ್ಡಿಫ್ ವಿಮಾನ ನಿಲ್ದಾಣದ ಸುತ್ತ ಕಾಣಿಸಿದ ಹಾರುವ ತಟ್ಟೆಗಳ ಬಗ್ಗೆ ಪ್ರಶ್ನೆ ಹಾಕಿದರು. ಸರ್ಕಾರದ ವಕ್ತಾರರು ಕ್ಲಿಂಗನ್‌ನಲ್ಲಿ ಉತ್ತರ ಕೊಟ್ಟರು! ಪತ್ರಕರ್ತರು ಕಷ್ಟಪಟ್ಟು ಅರ್ಥ ಹುಡುಕಿದರೆ ಅದರಲ್ಲಿ ಇದ್ದದ್ದು ಇಷ್ಟೇ: ಸಚಿವರು ಯಥಾಕಾಲದಲ್ಲಿ ಉತ್ತರಿಸುತ್ತಾರೆ, ಆದರೆ ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಯಾವ ಗ್ರಹದ ಭಾಷೆಯಾದರೂ ಸರ್ಕಾರದ ಉತ್ತರ ಒಂದೇ ಎಂಬುದು ಇದರಿಂದ ಖಚಿತವಾಯಿತು. ನಮ್ಮ ಕಚೇರಿಗಳು ಈ ಕೆಲಸಕ್ಕೆ ಹೊರಗಿನ ಭಾಷೆ ತರಿಸಬೇಕಿಲ್ಲ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರವನ್ನು ಅವಗಾಹಿಸಲಾಗಿ’ ಎಂದು ಶುರುವಾಗುವ ಸುತ್ತೋಲೆ ಯಾವ ಕ್ಲಿಂಗನ್‌ಗೂ ಕಡಿಮೆಯಿಲ್ಲ.

ಈಗ ಸ್ವಲ್ಪ ಹೊಟ್ಟೆ ಉರಿಯುವ ಲೆಕ್ಕ. ಮೈಕ್ರೋಸಾಫ್ಟ್‌ನ ಬಿಂಗ್ ಅನುವಾದಕ ಯಂತ್ರಕ್ಕೆ ಕ್ಲಿಂಗನ್ ಬಂದದ್ದು 2013ರ ಮೇ ತಿಂಗಳಲ್ಲಿ. ಕನ್ನಡ ಬಂದದ್ದು 2020ರ ಏಪ್ರಿಲ್‌ನಲ್ಲಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ಸುಮಾರು 4.37 ಕೋಟಿ ಜನ. ಕ್ಲಿಂಗನ್ನನ್ನು ಸರಾಗವಾಗಿ ಆಡಬಲ್ಲವರನ್ನು ಒಂದು ಮಿನಿಬಸ್ಸಿನಲ್ಲಿ ಕೂರಿಸಬಹುದು, ಹೆಚ್ಚೆಂದರೆ ಎರಡು ಟ್ರಿಪ್. ಭಾಷೆ ಕಲಿಸುವ ಆ್ಯಪ್ ಡ್ಯುಯೋಲಿಂಗೋದಲ್ಲೂ ಅಷ್ಟೇ, 2018ರಲ್ಲಿ ಕ್ಲಿಂಗನ್ ಪಾಠ ಮೊದಲು ಬಂತು, ಹಿಂದಿ ಕೆಲವು ತಿಂಗಳ ಹಿಂದೆ ಉಳಿಯಿತು. ಹಿಂದಿಯನ್ನೇ ಕಾಯಿಸಿದ ಏಕೈಕ ಭಾಷೆ ಎಂದು ನಮ್ಮ ಕೆಲವು ಹೋರಾಟಗಾರರು ಕ್ಲಿಂಗನ್‌ಗೆ ರಾಜ್ಯೋತ್ಸವ ಪ್ರಶಸ್ತಿ ಕೇಳಿದರೂ ನಾನು ಅಡ್ಡ ಬರುವುದಿಲ್ಲ.

ಒಂದೇ ಒಂದು ಕಡೆ ಕ್ಲಿಂಗನ್ ಸೋತಿತು. ಅದರ ಲಿಪಿಯನ್ನು ಕಂಪ್ಯೂಟರುಗಳೆಲ್ಲ ಒಪ್ಪಿದ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ ಸೇರಿಸಬೇಕೆಂಬ ಅರ್ಜಿಯನ್ನು 2001ರಲ್ಲಿ ತಳ್ಳಿಹಾಕಿದರು. ಮುಖ್ಯ ಕಾರಣ, ಕ್ಲಿಂಗನ್ ಪ್ರೇಮಿಗಳೇ ಆ ಲಿಪಿಯಲ್ಲಿ ಬರೆಯುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಸುಖವಾಗಿದ್ದರು. ಕನ್ನಡ ಪುಣ್ಯಕ್ಕೆ 1991ರಲ್ಲೇ ಒಳಗೆ ಸೇರಿಕೊಂಡಿತ್ತು. ವಾಟ್ಸಾಪ್ ಬಂದ ಮೇಲೆ ಅರ್ಜಿ ಹಾಕಿದ್ದರೆ ನಮಗೂ ಅದೇ ಉತ್ತರ ಸಿಗುತ್ತಿತ್ತೇನೋ. ತುಳುವಿನ ಪಾಲಿಗೆ ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿದ್ದು 2024ರಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದ ಸೇರುವುದಕ್ಕೆ ಹದಿನೆಂಟು ಲಕ್ಷ ತುಳುವರು ಇನ್ನೂ ಬಾಗಿಲು ತಟ್ಟುತ್ತಲೇ ಇದ್ದಾರೆ. ಹಣೆಯ ಮೇಲೆ ಎರಡು ಏಣು ಅಂಟಿಸಿಕೊಂಡು ಹೋಗಿ ನೋಡಿ ಎಂದು ಹೇಳೋಣವೆಂದರೆ ಭೂತಕೋಲದ ನಾಡಿನವರಿಗೆ ಮುಖವರ್ಣಿಕೆ ಕಲಿಸಲು ನಾನು ಯಾರು.

ಆದರೆ ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಕ್ಲಿಂಗನ್ನಿನ ಉಪಭಾಷೆಗಳ ಸಂವಿಧಾನ. ಅದು ಹುಟ್ಟಿದ್ದೇ ಚಂದ. ಚಿತ್ರೀಕರಣದಲ್ಲಿ ನಟರ ನಾಲಿಗೆ ತೊಡರುತ್ತಿತ್ತು. ಶಾಟ್ ಚೆನ್ನಾಗಿ ಬಂದಿದ್ದರೆ ಓಕ್ರಾಂಡ್ ಮತ್ತೆ ಹೇಳಿಸುತ್ತಿರಲಿಲ್ಲ, ತಪ್ಪಿಗೆ ಹೊಂದುವಂತೆ ಭಾಷೆಯನ್ನೇ ತಿದ್ದುತ್ತಿದ್ದರು. ಸಂಕಲನದ ಮೇಜಿನಲ್ಲಿ ಸಬ್‌ಟೈಟಲ್ ಬದಲಾದರೆ ಹಳೆಯ ಸದ್ದಿಗೆ ಹೊಸ ಅರ್ಥ, ಅದಕ್ಕೊಂದು ಹೊಸ ನಿಯಮ. 1991ರ ಸಿನಿಮಾದಲ್ಲಿ ಮಾರ್ಸ್ಕಾ ಎಂಬ ಕಾವಲು ಠಾಣೆಯವನೊಬ್ಬ ಎಲ್ಲರಿಗಿಂತ ಬೇರೆ ಥರ ಮಾತಾಡಿದ. ತಪ್ಪು ಎನ್ನಲಿಲ್ಲ. 1997ರ ಪುಸ್ತಕದಲ್ಲಿ ಅದು ಮಾರ್ಸ್ಕಾ ಉಪಭಾಷೆ ಎಂದು ದಾಖಲಾಯಿತು. ಎಂಥ ಉದಾರ ವ್ಯಾಕರಣ! ನಮ್ಮ ಹಳೇ ಮೈಸೂರಿನವನು ಬಾಯಿ ತಪ್ಪದೆ, ಅಜ್ಜ ಮುತ್ತಜ್ಜನ ಕಾಲದಿಂದ ‘ಆಲು’ ಎಂದರೂ ಮೇಷ್ಟ್ರ ಕೋಲು ಏಳುತ್ತದೆ. ಪಾಲು ಹಾಲಾದದ್ದು ಇತಿಹಾಸ, ಹಾಲು ಆಲಾದದ್ದು ಅಪಭ್ರಂಶ.

ಆ ಮೊದಲ ನಿಘಂಟಿನ ಮುನ್ನುಡಿಯಲ್ಲಿ ಇನ್ನೊಂದು ಕಾನೂನಿದೆ. ಕ್ಲಿಂಗನ್ ಸಾಮ್ರಾಜ್ಯದಲ್ಲಿ ಹಲವು ಉಪಭಾಷೆಗಳುಂಟು. ಅಧಿಕೃತ ಭಾಷೆ ಮಾತ್ರ ಒಂದೇ, ಗದ್ದುಗೆಯ ಮೇಲಿರುವ ಚಕ್ರವರ್ತಿ ಆಡುವುದು. ಅವನು ಹೋಗಿ (ಕ್ಲಿಂಗನ್ನರಲ್ಲಿ ಚಕ್ರವರ್ತಿಗಳು ನಿವೃತ್ತರಾಗುವುದು ಕಡಿಮೆ) ಬೇರೆ ಸೀಮೆಯವನು ಬಂದರೆ ಅವನ ಮಾತೇ ಶುದ್ಧ ಭಾಷೆ. ಅಧಿಕೃತ ಭಾಷೆ ಬಾರದವರನ್ನು ದಡ್ಡರು ಅಥವಾ ದ್ರೋಹಿಗಳು ಎಂದು ತಿಳಿಯಲಾಗುತ್ತದೆ, ಅಧಿಕೃತ ಭಾಷಿಕರಿಗೆ ಹೇಸಿಗೆ ಎನಿಸುವ ಚಾಕರಿಗಳನ್ನು ಅವರಿಗೆ ಹಚ್ಚಲಾಗುತ್ತದೆ.

ಇದನ್ನು ಕಲ್ಪನೆ ಎಂದು ಅಚ್ಚು ಹಾಕಿ ಮಾರಿದ್ದಾರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತೆಗೆಯಿರಿ. ಕನ್ನಡಗಳು ಎಷ್ಟೊಂದು ಬಗೆ, ಅವುಗಳ ದೋಷ ಎಣಿಸಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತು ಎಂದು ಅಲ್ಲಿ ಹೇಳಿದೆ. ಕನ್ನಡದ ತಿರುಳು ಎಲ್ಲಿದೆ ಎಂದರೆ ಊರುಗಳ ಹೆಸರೂ ಇದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಮೊದಲಿನ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ಚಕ್ರವರ್ತಿ ಆಗ ಮಳಖೇಡದಲ್ಲಿದ್ದ ನೋಡಿ, ಈಗಿನ ಕಲಬುರಗಿ ಜಿಲ್ಲೆ. ಆಮೇಲೆ ಗದ್ದುಗೆ ದಕ್ಷಿಣಕ್ಕೆ ಸರಿಯಿತು. ಮೈಸೂರಾಯಿತು, ಬೆಂಗಳೂರಾಯಿತು, ವಿಧಾನಸೌಧ, ಆಕಾಶವಾಣಿ, ಸ್ಟುಡಿಯೋ ಎಲ್ಲ ಅಲ್ಲೇ ಆಯಿತು. ತಿರುಳು ಇದ್ದ ಊರುಗಳಿಗೆ ಸಿನಿಮಾದಲ್ಲಿ ಸಿಕ್ಕಿದ್ದು ಕಾಮಿಡಿ ಟ್ರ್ಯಾಕ್. ‘ಏನ್ಲೇ ಮಗನ’ ಎಂದರೆ ಜನ ನಗಬೇಕು ಎಂದು ಹಿನ್ನೆಲೆಯಲ್ಲಿ ಟೊಂಯ್ ಎಂದು ಬಾರಿಸುತ್ತಾರೆ. ಕಲಬುರಗಿಯಿಂದ ಬೆಂಗಳೂರಿಗೆ ಬಂದ ಹುಡುಗ ಹದಿನೈದು ದಿನದಲ್ಲಿ ತನ್ನ ಮಾತನ್ನು ಹಾಸ್ಟೆಲ್ ಟ್ರಂಕಿನೊಳಗೆ ಮಡಚಿಟ್ಟು, ಊರಿನ ಫೋನ್ ಬಂದಾಗ ಮಾತ್ರ ಹೊರಗೆ ತೆಗೆಯುತ್ತಾನೆ. ಕ್ಲಿಂಗನ್ನರೂ ಬಹುಮಂದಿ ಹಲವು ಉಪಭಾಷೆ ಕಲಿತಿಟ್ಟುಕೊಳ್ಳುತ್ತಾರೆ ಎಂದು ಅದೇ ಮುನ್ನುಡಿಯಲ್ಲಿದೆ. ಬದುಕಬೇಕಲ್ಲ.

ಈಚೆಗೆ ಡಬ್ಬಿಂಗ್‌ಗೆ ದಾರಿ ಬಿಟ್ಟಿದ್ದಾರಲ್ಲ, ಸ್ಟಾರ್ ಟ್ರೆಕ್ ಕೂಡ ಒಂದು ದಿನ ಕನ್ನಡಕ್ಕೆ ಬಂದೇ ಬರುತ್ತದೆ. ಪಾತ್ರ ಹಂಚುವವರಿಗೆ ತಲೆನೋವಿಲ್ಲ. ಹಡಗಿನ ಕ್ಯಾಪ್ಟನ್ ಜಯನಗರದ ಕನ್ನಡ ಆಡುತ್ತಾನೆ, ಆಡಿ ಮುಗಿಸುವುದು ಇಂಗ್ಲಿಷಿನಲ್ಲಿ. ಅಡುಗೆಯವನು ಮಂಗಳೂರಿನವನು, ‘ಎಂತ ಮಾರಾಯ್ರೆ’ ಎನ್ನುತ್ತಾನೆ. ಎಂಜಿನ್ ಒರೆಸುವವನು ಕಲಬುರಗಿಯವನು. ಮೊದಲ ರೀಲಿನಲ್ಲೇ ಸಾಯುವ ಸೈನಿಕ ಮಂಡ್ಯದವನು, ಸಾಯುವ ಮುಂಚೆ ಮುದ್ದೆಯ ಬಗ್ಗೆ ಒಂದು ಮಾತು ಆಡಬೇಕು. ತುಳು ಮತ್ತು ಕೊಡವ ಆಡುವವರಿಗೂ ಅವಕಾಶವಿದೆ. ಹೊಸ ಗ್ರಹದಲ್ಲಿ ಇಳಿದಾಗ ಪೊದೆಯಿಂದ ಎದ್ದು ಬಂದು ಯಾರಿಗೂ ಅರ್ಥವಾಗದಂತೆ ಕಿರುಚುವ ಜನ ಬೇಕಲ್ಲ, ಅದಕ್ಕೆ. ಅವರ ಮಾತಿಗೆ ಸಬ್‌ಟೈಟಲ್ ಇರುವುದಿಲ್ಲ, ಬಜೆಟ್ ಸಾಲದು. ಕ್ಲಿಂಗನ್ನರ ಮಾತಿಗೆ ಇರುತ್ತದೆ.