ಒಂದು ಕೂಸು, ಹನ್ನೊಂದು ಪಂಚರು

ಮನೆಗೆ ಕೂಸು ಬಂದ ವಾರದೊಳಗೆ ತೊಟ್ಟಿಲು, ಲಂಗೋಟಿ, ಸೊಳ್ಳೆಪರದೆ ಎಲ್ಲವೂ ಜಮೆಯಾಗುತ್ತವೆ. ಇಲ್ಲದಿರುವುದು ಒಂದೇ, ಸಭೆಗೆ ಅಧ್ಯಕ್ಷರು. ತಾಯಿಯ ತಾಯಿ, ತಂದೆಯ ತಾಯಿ, ಸೋದರತ್ತೆ, ನೀರು ಹಾಕಲು ಬರುವ ಅಜ್ಜಿ, ಎದುರು ಮನೆಯವರು, ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರೂ ಮಾತಾಡುವವರೇ. ಮೂರು ಮಕ್ಕಳನ್ನು ಸಾಕಿದವರಿಗೆ ಮೂರು ಓಟು, ಐದು ಸಾಕಿದವರಿಗೆ ಐದು. ಕೂಸಿನ ಅಪ್ಪನಿಗೆ ಓಟಿಲ್ಲ, ಮೆಡಿಕಲ್ ಸ್ಟೋರಿಗೆ ಓಡುವ ಹಕ್ಕು ಮಾತ್ರ ಇದೆ. ಹೆತ್ತವಳಿಗೆ ಓಟಿದ್ದರೂ ಅವಳು ಹಾಕುವ ಹೊತ್ತಿಗೆ ನಿದ್ದೆ ಹೋಗಿರುತ್ತಾಳೆ.

ಆದ್ದರಿಂದ ಯಾರಾದರೊಬ್ಬರು ಕುರ್ಚಿ ಹಿಡಿಯಲೇಬೇಕು. ಹಿಡಿದವರು ಎಲ್ಲದಕ್ಕೂ ಅಡ್ಡ ಬಂದರೆ ಮೂರನೆಯ ದಿನ ಕುರ್ಚಿ ಹೋಗುತ್ತದೆ, ಯಾವುದಕ್ಕೂ ಬಾರದಿದ್ದರೆ ಕೂಸಿಗೆ ಭೇದಿ ಹತ್ತುತ್ತದೆ. ಯಾವ ಜಗಳವನ್ನು ಕಾಫಿ ಕೊಟ್ಟು ಬೆಳೆಸಬೇಕು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸಬೇಕು ಎಂದು ಗೊತ್ತಿದ್ದರೆ ಅರ್ಧ ಬಾಣಂತನ ಮುಗಿದಂತೆ.

ಅತಿ ಹೆಚ್ಚು ಜನ ಸೇರುವ ಚರ್ಚೆ, "ಹಾಲು ಸಾಕಾಗ್ತಿದ್ಯಾ?" ಎಂಬುದು. ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ. ಇದಕ್ಕೆ ಅಭಿಪ್ರಾಯದಿಂದ ಉತ್ತರ ಕೊಡಲು ಹೋದರೆ ಸಂಜೆಯಾಗುತ್ತದೆ, ಲೆಕ್ಕದಿಂದ ಕೊಡಬೇಕು. ಹುಟ್ಟಿದ ದಿನ ಕೂಸಿನ ಹೊಟ್ಟೆ ಹಿಡಿಯುವುದು ಒಂದು ಸಲಕ್ಕೆ ಐದರಿಂದ ಏಳು ಮಿಲಿ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಮೊದಲ ಹಳದಿ ಹಾಲು ಅಷ್ಟೇ ಬರುವುದು, ಅಷ್ಟೇ ಬೇಕಾದದ್ದು. ಮೂರು ಕೆಜಿಯ ಕೂಸು ಮೊದಲ ದಿನಗಳಲ್ಲಿ ಇನ್ನೂರು, ಮುನ್ನೂರು ಗ್ರಾಂ ಇಳಿಯುವುದೂ ಉಂಟು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಲಂಗೋಟಿಯಾದರೂ ಒದ್ದೆಯಾದರೆ ಹಾಲು ಸಾಕಾಗುತ್ತಿದೆ. ತೊಟ್ಟಿಲ ಪಕ್ಕ ಒಂದು ಹಾಳೆ, ಪೆನ್ಸಿಲ್ ಕಟ್ಟಿಬಿಡಿ. ಒದ್ದೆಯಾದಾಗಲೆಲ್ಲ ಗೀಟು. ಇಲ್ಲಿ ಕೆಡುವುದು ಡೈಪರಿನಿಂದ: ಮೂರು ಸಲದ ಉಚ್ಚೆಯನ್ನು ಅದು ಒಂದೇ ಸಲದ್ದೆಂದು ನಂಬಿಸುತ್ತದೆ. ಹಾಲಿನ ಅನುಮಾನ ಇರುವಷ್ಟು ದಿನ ಬಟ್ಟೆಯ ಲಂಗೋಟಿಯೇ ಸರಿ.

ಲೆಕ್ಕ ಇಡದ ಮನೆಯಲ್ಲಿ "ಒಂದೇ ಒಂದು ಬಾಟ್ಲಿ ಪುಡಿ ಹಾಲು ಕೊಟ್ಟು ನೋಡೋಣ" ಎಂಬ ನಿರ್ಣಯ ಪಾಸಾಗುತ್ತದೆ. ಕೂಸು ಹೊಟ್ಟೆ ಬಿರಿಯ ಕುಡಿದು ನಾಲ್ಕು ಗಂಟೆ ಮಲಗುತ್ತದೆ, ಎದೆಗೆ ಬಾಯಿ ಹಾಕುವುದಿಲ್ಲ. ಕೂಸು ಹೀರಿದಷ್ಟೇ ಹಾಲು ಉತ್ಪತ್ತಿಯಾಗುವುದರಿಂದ ಮರುದಿನ ನಿಜವಾಗಿಯೂ ಕಡಿಮೆಯಾಗುತ್ತದೆ. "ನಾನು ಮೊದಲೇ ಹೇಳಿರಲಿಲ್ವಾ?" ಎಂದು ನಿರ್ಣಯ ಮಂಡಿಸಿದವರು ಗೆಲ್ಲುತ್ತಾರೆ. ಸೋಲಿಸಲಾಗದ ವಾದ ಇದು, ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ತೂಕ ಏರದಿದ್ದರೆ, ಗೀಟು ಆರಕ್ಕೆ ಮುಟ್ಟದಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಅದು ಬೇರೆ ಮಾತು.

ಎರಡನೆಯ ದೊಡ್ಡ ಗದ್ದಲ ಅಳುವಿನದು. ಆರೋಗ್ಯವಾಗಿರುವ ಕೂಸೂ ಎರಡನೆಯ ವಾರದಿಂದ ಅಳು ಏರಿಸುತ್ತಾ ಹೋಗಿ, ಆರನೆಯ ವಾರದ ಆಸುಪಾಸಿನಲ್ಲಿ ತಾರಕಕ್ಕೆ ಮುಟ್ಟಿಸಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಸುತ್ತದೆ. ಆರನೆಯ ವಾರದಲ್ಲಿ ಶುರು ಮಾಡಿದ ಯಾವ ಮದ್ದಿಗಾದರೂ ಕೀರ್ತಿ ಖಚಿತ. ತಾಯತ ಕಟ್ಟಿದರೆ ತಾಯತಕ್ಕೆ, ಗ್ರೈಪ್ ವಾಟರ್ ಕುಡಿಸಿದರೆ ಗ್ರೈಪ್ ವಾಟರಿಗೆ. ಈ ಗ್ರೈಪ್ ವಾಟರು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಕಲಸಿದ್ದು. ಮೂಲ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಆಲ್ಕೋಹಾಲು. ಕುಡಿದ ಮೇಲೆ ತೆಪ್ಪಗೆ ಮಲಗುತ್ತಿದ್ದವು ಎಂಬುದರಲ್ಲಿ ಪವಾಡವೇನೂ ಕಾಣುವುದಿಲ್ಲ. ಈಗಿನ ಬಾಟಲಿಯಲ್ಲಿ ಆ ದ್ರವ ಇಲ್ಲ, ಆದರೆ ಆರು ತಿಂಗಳೊಳಗಿನ ಕೂಸಿಗೆ ಎದೆಹಾಲಿನ ಹೊರತು ನೀರೂ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿಗೆ ಅದೂ ಒಳಪಟ್ಟಿದೆ. ತಡೆಯುವ ಉಪಾಯ: "ಬೇಡ" ಅನ್ನಬಾರದು. ಅಳು ಶುರುವಾದ ಕೂಡಲೇ ಬಾಟಲಿ ಹಿಡಿದು ಬರುವವರ ಕೈಗೆ ಕೂಸನ್ನೇ ಕೊಟ್ಟು, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಹತ್ತು ನಿಮಿಷ ಓಡಾಡಲು ಹೇಳಬೇಕು. ತೇಗು ಬಂದರೆ ಕೀರ್ತಿ ಅವರಿಗೇ ಹೋಗಲಿ.

ಇನ್ನು ತೇಯ್ದು ಕೊಡುವ ಮದ್ದು. ಬೀಗಿತಿಯರಿಬ್ಬರು ಬೇರೆ ಬೇರೆ ಸೀಮೆಯವರಾದರೆ ಇದು ಗಡಿ ವಿವಾದವೇ.

"ಗುಟ್ಟಿ ಹಾಕಲಾರದ ಕೂಸಿಗೆ ಹಾಲು ಹೆಂಗ ಪಚನ ಆಗ್ತದ್ರೀ?"

"ನಮ್ಮ ಕಡೆ ಬಜೆ ಒಂದು ಸುತ್ತು, ಜಾಯಿಕಾಯಿ ಅರ್ಧ ಸುತ್ತು, ಅಷ್ಟೇ ಕಣ್ರೀ. ಅದಕ್ಕೇ ನೋಡಿ ನಮ್ಮ ಹುಡುಗ ಹೆಂಗಿದಾನೆ."

"ಅದನ್ನ ನೋಡಾಕತ್ತೀವಲ್ರೀ."

ಇಲ್ಲಿಗೆ ನಿಲ್ಲಿಸದಿದ್ದರೆ ಮದುವೆಯ ಹಳೆಯ ಲೆಕ್ಕಗಳೆಲ್ಲ ಹೊರಬರುತ್ತವೆ. ಸುತ್ತು ಎಂಬ ಅಳತೆಯಲ್ಲೇ ತೊಂದರೆ ಇದೆ. ಸಾಣೆಕಲ್ಲು ಎಷ್ಟು ಒರಟು, ಬೇರು ಎಷ್ಟು ಒಣಗಿದೆ, ತೇಯುವವರಿಗೆ ಆ ಹೊತ್ತು ಸೊಸೆಯ ಮೇಲೆ ಎಷ್ಟು ಸಿಟ್ಟಿದೆ, ಇವುಗಳ ಮೇಲೆ ಒಂದು ಸುತ್ತು ನಾಲ್ಕಾಗಬಹುದು. ಜಾಯಿಕಾಯಿ ಹೆಚ್ಚಾದರೆ ಮಂಪರು, ಮಂಪರು ಬಂದ ಕೂಸು ಹಾಲಿಗೆ ಏಳುವುದಿಲ್ಲ. ಕಲ್ಲು ತೊಳೆಯದೆ ನಲ್ಲಿ ನೀರಿನಲ್ಲಿ ತೇಯ್ದರೆ ಭೇದಿ. ಬಜೆಯನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ 1968ರಲ್ಲೇ ನಿಷೇಧಿಸಿತು. ಇದನ್ನು ಅಜ್ಜಿಯ ಮುಂದೆ ಹೇಳಿ ಪ್ರಯೋಜನವಿಲ್ಲ, "ಅವರಿಗೇನು ಗೊತ್ತು, ಅಲ್ಲಿ ಬಾಣಂತನವೇ ಇಲ್ಲ" ಎಂಬ ಉತ್ತರ ತಯಾರಿದೆ.

ಸಾಮಾನ್ಯವಾಗಿ ಆಗುವ ರಾಜಿ ಎಂದರೆ ಬಜೆ ಬಾಯಿಗೆ ಬೇಡ, ದಾರದಲ್ಲಿ ಪೋಣಿಸಿ ಕೈಗೆ ಕಟ್ಟೋಣ ಎಂಬುದು. ರಾಜಿ ಮಾಡಿದವರಿಗೆ ಕೂಸಿನ ಅಂಗರಚನೆ ಗೊತ್ತಿಲ್ಲ. ಎರಡು ಮೂರು ತಿಂಗಳಿಗೆ ಕೈ ಬಾಯಿಗೆ ಹೋಗುತ್ತದೆ. ಹಾಗಾದರೆ ಕಾಲಿಗೆ ಕಟ್ಟುವ ಎನ್ನುತ್ತಾರೆ. ಆರು ತಿಂಗಳ ಹೊತ್ತಿಗೆ ಕಾಲೂ ಬಾಯಿಗೆ ಹೋಗುತ್ತದೆ. ಸೊಂಟ ಮಾತ್ರ ಉಳಿಯಿತು, ಅಲ್ಲಿ ಉಡಿದಾರದ ಜೊತೆ ಲಂಗೋಟಿಯಲ್ಲಿ ನೆನೆದು ಅದು ಬೂಷ್ಟು ಹಿಡಿಯುತ್ತದೆ. ತೊಟ್ಟಿಲ ಸರಪಳಿಯ ಮೇಲ್ತುದಿಗೆ, ಕೈಗೆಟುಕದ ಎತ್ತರದಲ್ಲಿ ಕಟ್ಟುವುದು ಉಳಿದ ದಾರಿ. ಗಾಳಿಗೂ ರಕ್ಷೆ ಇರಲಿ ಎಂದು ಅಜ್ಜಿಯೂ ಒಪ್ಪುತ್ತಾರೆ.

ನೀರು ಹಾಕುವ ಅಜ್ಜಿಯ ವಿಷಯಕ್ಕೆ ಬಂದರೆ, ಆಕೆ ಸುಪ್ರೀಂ ಕೋರ್ಟು. ಎರಡೂ ಕಾಲು ಚಾಚಿ ಮಣೆಯ ಮೇಲೆ ಕೂತು, ಕೂಸನ್ನು ಮೊಣಕಾಲ ಕೆಳಗೆ ಅಂಗಾತ ಮಲಗಿಸಿಕೊಂಡ ಮೇಲೆ ಆಕೆಗೆ ಎದುರಾಡುವ ಧೈರ್ಯ ಬೀಗರಿಬ್ಬರಿಗೂ ಇಲ್ಲ. ಎಣ್ಣೆ ತಿಕ್ಕಲಿ, ಕೈಕಾಲು ನೀವಲಿ, ಅದು ಕೂಸಿಗೂ ಹಿತ. ನೀರು ಮೊಣಕೈ ಅದ್ದಿದಾಗ ಬೆಚ್ಚಗಿರಬೇಕು, ಬಿಸಿ ಎನಿಸಬಾರದು. ಆಕೆಯ ಅಂಗೈಯನ್ನು ನಂಬಬೇಡಿ, ಮೂವತ್ತು ವರ್ಷ ಹಂಡೆ ನೀರು ಮೊಗೆದ ಕೈಗೆ ಸುಡುವುದೇ ಬೆಚ್ಚಗೆ ಅನ್ನಿಸುತ್ತದೆ. ತಡೆಯಬೇಕಾದದ್ದು ಮೂರು. ಕಿವಿ ಮೂಗಿಗೆ ಎಣ್ಣೆ ಬಿಡುವುದು ಒಂದು: ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ. ಕೂಸಿನ ಎದೆ ಉಬ್ಬಿದೆಯೆಂದು ಹಾಲು ಹಿಂಡುವುದು ಇನ್ನೊಂದು: ತಾಯಿಯ ಹಾರ್ಮೋನಿನಿಂದ ಬಂದ ಉಬ್ಬು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಕೊನೆಗೆ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಇವನ್ನು ನಿಲ್ಲಿಸಲು ಆಕೆಯ ಜ್ಞಾನವನ್ನು ಪ್ರಶ್ನಿಸಬಾರದು, ಊರಲ್ಲಿಲ್ಲದ ಡಾಕ್ಟರನ್ನು ದೂರಬೇಕು. "ನಿಮಗೆ ಗೊತ್ತಿಲ್ವಾ ಅಜ್ಜಿ, ಆ ಡಾಕ್ಟ್ರು ಮಹಾ ಕೋಪಿಷ್ಠರು, ನನಗೇ ಬೈತಾರೆ." ಬೈಸಿಕೊಳ್ಳುವವರ ಮೇಲೆ ಆಕೆಗೆ ಕರುಣೆ ಇದೆ.

ತಲೆ ದುಂಡಗಾಗಲೆಂದು ಸಾಸಿವೆ ದಿಂಬೋ ರಾಗಿ ದಿಂಬೋ ಹೊಲಿದು ತಂದಿರುತ್ತಾರೆ. ವರ್ಷದೊಳಗಿನ ಕೂಸಿಗೆ ದಿಂಬೇ ಬೇಡ. ನಾಮಕರಣದ ಫೋಟೋಗೆ ಐದು ನಿಮಿಷ ಇಟ್ಟು ತೆಗೆದಿಡಿ. ಎಚ್ಚರವಿದ್ದಾಗ ದಿನಕ್ಕೆ ನಾಲ್ಕಾರು ಸಲ, ಕಣ್ಣೆದುರಲ್ಲೇ ಬೋರಲು ಹಾಕಿದರೆ ತಲೆ ತಾನೇ ದುಂಡಗಾಗುತ್ತದೆ.

ಅನ್ನಪ್ರಾಶನದ ತಿಂಗಳಿನ ಜಗಳ ಬುದ್ಧಿವಂತರ ಜಗಳ. ಗಂಡಾದರೆ ಸಮ ತಿಂಗಳು, ಹೆಣ್ಣಾದರೆ ಬೆಸ ತಿಂಗಳು ಎಂಬುದು ರೂಢಿ. ಪುರೋಹಿತರು ಲೆಕ್ಕ ಹಾಕುವುದು ನಡೆಯುತ್ತಿರುವ ತಿಂಗಳನ್ನು, ಡಾಕ್ಟರು ಲೆಕ್ಕ ಹಾಕುವುದು ತುಂಬಿದ ತಿಂಗಳನ್ನು. ಹೆಣ್ಣು ಕೂಸಿಗೆ ಏಳನೆಯ ತಿಂಗಳು ಎಂದರೆ ಆರು ತುಂಬಿರುತ್ತದೆ, ಶಾಸ್ತ್ರಕ್ಕೂ ಡಾಕ್ಟರಿಗೂ ಜಗಳವಿಲ್ಲ. ಗಂಡಿಗೆ ಆರನೆಯ ತಿಂಗಳು ಎಂದರೆ ಐದೇ ತುಂಬಿರುವುದು. ಎಂಟನೆಯದಕ್ಕೆ ತಳ್ಳಿದರೆ ಏಳು ತುಂಬಿ ತಡವಾಗುತ್ತದೆ. ಆದ್ದರಿಂದ ಎಂಟರಲ್ಲಿ ಶಾಸ್ತ್ರ ಇಟ್ಟುಕೊಂಡು, ಆರು ತುಂಬಿದ ದಿನದಿಂದಲೇ ಸದ್ದಿಲ್ಲದೆ ತಿನ್ನಿಸಲು ಶುರು ಮಾಡಿ. ಶಾಸ್ತ್ರದ ದಿನ ಕೂಸು ಪಳಗಿದ ಕೈಯಂತೆ ಬಾಯಿ ತೆರೆದಾಗ, "ನೋಡಿ, ಎಷ್ಟು ಚೆನ್ನಾಗಿ ತಿಂತು!" ಎಂದು ನೀವೂ ಬೆರಗಾಗಬೇಕು.

ತಿನ್ನಿಸುವುದೇನು ಎಂಬುದಕ್ಕೆ ಹಳೇ ಮೈಸೂರಿನ ಕಡೆ ರಾಗಿ ಸರಿ ಬಿಟ್ಟು ಬೇರೆ ಉತ್ತರವಿಲ್ಲ. ಉತ್ತರದವರು ಜೋಳ ಎನ್ನುತ್ತಾರೆ, ಕರಾವಳಿಯವರು ಕುಚ್ಚಲಕ್ಕಿ ಗಂಜಿ. ಮೂರೂ ಆಗುತ್ತದೆ, ಒಂದು ಹೊಸದನ್ನು ಕೊಟ್ಟು ಮೂರು ದಿನ ಬಿಟ್ಟು ಇನ್ನೊಂದು, ಒಗ್ಗದಿದ್ದರೆ ಯಾವುದೆಂದು ಗೊತ್ತಾಗಬೇಕಲ್ಲ. ಅರ್ಧ ಕೆಜಿ ರಾಗಿಯನ್ನು ಕಲ್ಲು ಆರಿಸಿ, ನೀರು ತಿಳಿಯಾಗುವ ತನಕ ತೊಳೆದು, ರಾತ್ರಿ ನೆನೆಹಾಕಿ. ಬೆಳಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದು ದಿನಕ್ಕೆ ಮೊಳಕೆ, ಚಳಿಗಾಲದಲ್ಲಿ ಎರಡು ದಿನ. ಗಂಟು ಹಿಂಡಿದರೆ ನೀರು ತೊಟ್ಟಿಕ್ಕುವಂತಿರಬಾರದು, ಅಲ್ಲಿಂದಲೇ ಬೂಷ್ಟು. ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಬೇಕು. ಒಂದು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲೇ ಕದಡಿ, ಒಟ್ಟು ಒಂದು ಲೋಟ ನೀರಾಗುವಂತೆ ಮಾಡಿ, ಕೈಬಿಡದೆ ತಿರುವುತ್ತಾ ಏಳೆಂಟು ನಿಮಿಷ ಬೇಯಿಸಿ. ಬಿಸಿನೀರಿಗೆ ಹಿಟ್ಟು ಸುರಿದವರು ಗಂಟು ಒಡೆಯುತ್ತಾ ಕೂರುತ್ತಾರೆ.

ಚಮಚ ವಾಲಿಸಿದರೆ ಸುರಿದುಹೋಗುವಂತಿದ್ದರೆ ರಾಗಿ ಸರಿ ತೆಳುವಾಯಿತು. ಆಗ ನೀರು ಕಡಿಮೆ ಮಾಡುವ ಬದಲು ಹಿಟ್ಟು ಹೆಚ್ಚಿಸಿ. ಮೊಳಕೆಯ ಹಿಟ್ಟು ಬೇಯುವಾಗ ಗಂಜಿಯನ್ನು ತೆಳುಗೊಳಿಸುವ ಗುಣ ಪಡೆದಿರುತ್ತದೆ, ಹಾಗಾಗಿ ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಪುಟ್ಟ ಹೊಟ್ಟೆಗೆ ಇದೇ ಲಾಭ. ಕಪ್ಪಾಗುವಂತೆ ಹುರಿದರೆ ಆ ಗುಣ ಸುಟ್ಟುಹೋಗುತ್ತದೆ. ಉಪ್ಪು, ಬೆಲ್ಲ ವರ್ಷದ ತನಕ ಬೇಡ, ತುಪ್ಪ ಅರ್ಧ ಚಮಚ ಇರಲಿ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ ಎಂದು ಹಿಗ್ಗುವವರು, ಕಬ್ಬಿಣಕ್ಕೆ ಅದೊಂದೇ ಸಾಲದೆಂಬುದನ್ನು ಮರೆಯುತ್ತಾರೆ. ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಎಲ್ಲವೂ ಸರದಿಯಲ್ಲಿ ಬರಲಿ.

ಓಟಿಗೆ ಹಾಕಬಾರದ ವಿಷಯಗಳು ಕೆಲವಿವೆ. ಜೇನು ಅದರಲ್ಲಿ ಮೊದಲನೆಯದು. ಚಿನ್ನದುಂಗುರದಲ್ಲಿ ಜೇನು ನೆಕ್ಕಿಸುವ ಪದ್ಧತಿ ಎಷ್ಟು ಹಳೆಯದಾದರೂ, ಜೇನಿನಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಅದಕ್ಕಿಂತ ಹಳೆಯವು. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಅವು ಮೊಳೆತು ಕೈಕಾಲಿನ ಬಲವನ್ನೇ ಕಸಿಯುತ್ತವೆ. ಕುದಿಸಿದರೂ ಸಾಯುವುದಿಲ್ಲ. ಉಂಗುರವನ್ನು ಜೇನಿನಲ್ಲಿ ಅದ್ದಿ ಅಪ್ಪನ ಬಾಯಿಗೆ ಹಚ್ಚಿ, ಶಾಸ್ತ್ರವೂ ಆಯಿತು, ಅವನಿಗೂ ಒಂದು ಪಾತ್ರ ಸಿಕ್ಕಿತು.

ಭೇದಿಯಾದಾಗಿನ ಓಆರ್‌ಎಸ್ ಇನ್ನೊಂದು. ದೊಡ್ಡ ಪೊಟ್ಟಣ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. "ಕೂಸು ಕುಡಿಯೋದೇ ಒಂದು ಲೋಟ" ಎಂದು ಇಡೀ ಪೊಟ್ಟಣವನ್ನು 200 ಮಿಲಿ ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು. ಅಳೆಯದೆ ಕಾಲು ಪೊಟ್ಟಣ ಹಾಕುವುದೂ ಸಲ್ಲ, ಉಪ್ಪು ಸಕ್ಕರೆ ಒಳಗೆ ಸಮನಾಗಿ ಬೆರೆತಿರುವುದಿಲ್ಲ. ಒಂದು ಲೋಟಕ್ಕೆಂದೇ ಚಿಕ್ಕ ಪೊಟ್ಟಣ ಸಿಗುತ್ತದೆ. ಕಲಸಿದ್ದು ಒಂದು ದಿನ ಕಳೆದರೆ ಚೆಲ್ಲಬೇಕು.

ಜ್ವರದ ಪ್ಯಾರಸಿಟಮಾಲ್ ಹನಿಬಾಟಲಿಯಲ್ಲಿ ಒಂದು ಮಿಲಿಗೆ 100 ಮಿಲಿಗ್ರಾಂ ಇದ್ದರೆ, ಸಿರಪ್ಪಿನಲ್ಲಿ ಐದು ಮಿಲಿಗೆ 125 ಇರುತ್ತದೆ. ಅದೇ ಎರಡು ಮಿಲಿ ಒಂದರಲ್ಲಿ 200, ಇನ್ನೊಂದರಲ್ಲಿ 50. ಡಾಕ್ಟರು ಬರೆದ ಮಿಲಿಯನ್ನು ಬಾಟಲಿಯ ಹೆಸರಿನ ಸಮೇತ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಭೆ ಸೇರಿಸದೆ ಆಸ್ಪತ್ರೆಗೆ ಹೊರಡಿ. ಮಾವ ತಂದ ವಾಕರನ್ನು ಪೆಟ್ಟಿಗೆಯಲ್ಲೇ ಬಿಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳುವುದು ಬೇಗ ಬರುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು.

ದೃಷ್ಟಿಯ ವಿಷಯಕ್ಕೆ ಕೈ ಹಾಕಬೇಡಿ. ಬೊಟ್ಟು ಕೆನ್ನೆಗಿಂತ ಅಂಗಾಲಿಗೆ ಇಟ್ಟರೆ ಕಣ್ಣಿಗೆ, ಬಾಯಿಗೆ ಬಳಿದುಕೊಳ್ಳುವ ಭಯವಿಲ್ಲ. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣೊಳಗೆ ಮಾತ್ರ ಬೇಡ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಸುಡುವುದನ್ನು ಅಂಗಳದಲ್ಲಿ ಮಾಡಲಿ. ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿತ್ತು ಎನ್ನುತ್ತಾರೆ, ಬಯಲಲ್ಲಿ ಸುಟ್ಟರೆ ಘಾಟು ಒಳಗೆ ಬರುವುದೇ ಇಲ್ಲ, ಎಲ್ಲರಿಗೂ ಸಮಾಧಾನ.

ಸಭೆ ಕೈ ಮೀರುತ್ತಿದೆ ಅನ್ನಿಸಿದಾಗ ಪ್ರಯೋಗಿಸಲು ಒಂದು ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡಿರಿ: "ಮೂಗು ಯಾರದು ಅಂತೀರಾ?" ಬಣ್ಣದ ಮಾತನ್ನು ಮಾತ್ರ ಎತ್ತಗೊಡಬೇಡಿ, ಅದು ತಾಯಿಯನ್ನು ಅಳಿಸಿಯೇ ಮುಗಿಯುವುದು. ಮೂಗು, ಹುಬ್ಬು, ಕಿವಿಯ ತುದಿ ನಿರಪಾಯ. ಮುತ್ತಾತನ ಫೋಟೋ ಗೋಡೆಯಿಂದ ಇಳಿಯುತ್ತದೆ, ಕನ್ನಡಕ ಹುಡುಕಲು ಇಬ್ಬರು ಏಳುತ್ತಾರೆ, ಧಾರವಾಡಕ್ಕೆ ಫೋನು ಹೋಗುತ್ತದೆ. ಅಷ್ಟರೊಳಗೆ ಜೇನಿನ ಬಾಟಲಿಯನ್ನು ಅಟ್ಟಕ್ಕೆ ಏರಿಸಿಬಿಡಿ. ಸ್ಟೂಲನ್ನೂ ಜೊತೆಗೇ ಬಚ್ಚಿಡಿ, ಮಂಡಿನೋವು ಎನ್ನುವ ಅಜ್ಜಿಯರು ಯಾವುದಕ್ಕೆ ಹತ್ತುತ್ತಾರೆ ಹೇಳಲಾಗದು.