ಪಟ್ಟಿ ಹಿಡಿದು ಹೊರಟ ದಸರೆ

ದಸರೆಯ ದಿನಗಳಲ್ಲಿ ಊರಿಂದ ಬಂದ ನೆಂಟರಿಗೆ ಹಾಸಿಗೆ ಹೊಂದಿಸಿ, ಅವರನ್ನು ಅರಮನೆಯತ್ತ ಕಳುಹಿಸಿ, ತಾನು ಮನೆಯಲ್ಲಿ ಟಿವಿಯ ಮುಂದೆ ಕೂರುವುದು ಹಳೆಯ ಮೈಸೂರಿಗನ ಲಕ್ಷಣ. ಈ ಸಂಪ್ರದಾಯವನ್ನು ಬಹುಕಾಲ ನಿಷ್ಠೆಯಿಂದ ಪಾಲಿಸಿದ ನಾನು, ನಿವೃತ್ತನಾದ ವರ್ಷ ಒಂದು ಕಾರ್ಯಕ್ರಮವನ್ನೂ ಬಿಡಬಾರದೆಂದು ನಿಶ್ಚಯಿಸಿ, ಇಡೀ ವಾರದ ಪಟ್ಟಿಯನ್ನು ಒಂದೇ ಹಾಳೆಗೆ ಇಳಿಸಿಕೊಂಡೆ. ಅರಮನೆ ವೇದಿಕೆ, ಜಗನ್ಮೋಹನ ಅರಮನೆ, ಕಲಾಮಂದಿರ, ಗಾನಭಾರತಿ, ಪುರಭವನ, ಚಿಕ್ಕಗಡಿಯಾರ, ಹೀಗೆ ಎಲ್ಲ ಕಡೆಯ ಕಾರ್ಯಕ್ರಮಗಳೂ ಸಂಜೆಯ ಹೊತ್ತಿಗೇ ಶುರುವಾಗುತ್ತವೆಂಬುದು ಬರೆದು ಮುಗಿಸಿದ ಮೇಲೆ ಹೊಳೆಯಿತು.

"ರೀ, ಮೊದಲು ಹೊಟ್ಟೆ ನೋಡಿಕೊಳ್ಳಿ, ಆಮೇಲೆ ಸಂಗೀತ" ಎಂದಳು ಹೆಂಡತಿ. ಆ ವರ್ಷ ಆಹಾರ ಮೇಳ ನಡೆದದ್ದು ಸ್ಕೌಟ್ಸ್ ಮತ್ತು ಗೈಡ್ಸ್ ಮೈದಾನದಲ್ಲಿ. ಅಲ್ಲಿ ಜನ ಮುಗಿಬೀಳುವುದು ಕಾಡಿನ ಜನರ ಬೊಂಬು ಬಿರಿಯಾನಿಗೆ. ಹಸಿ ಬಿದಿರಿನ ಅಂಡೆಯೊಳಗೆ ಅಕ್ಕಿ, ಕೋಳಿ, ಮಸಾಲೆ ತುಂಬಿ, ಬಾಯಿಗೆ ಎಲೆ ತುರುಕಿ ಕೆಂಡದ ಮೇಲಿಡುತ್ತಾರೆ. ಬಿದಿರು ಹೊರಗೆ ಕರಿಯಾಗುವಷ್ಟರಲ್ಲಿ ಒಳಗಿನ ಅನ್ನ ಅದರ ರಸದಲ್ಲೇ ಬೇಯುತ್ತದೆ. ಬಿದಿರಿಗೆ ಅವಸರವಿಲ್ಲ; ಅವಸರವಿದ್ದದ್ದು ನನಗೆ, ಏಕೆಂದರೆ ಏಳು ಗಂಟೆಗೆ ಅರಮನೆ ವೇದಿಕೆಯಲ್ಲಿ ಕೊಳಲು ವಾದನವಿತ್ತು. ನನ್ನ ಸರದಿ ಬಂದಾಗ ಆರೂ ಮುಕ್ಕಾಲು. ಸುಡುವ ಅನ್ನವನ್ನು ನಿಂತಲ್ಲೇ ನುಂಗಿದೆವು. ಕೈ ತೊಳೆಯುವ ನಲ್ಲಿಯ ಮುಂದೆಯೂ ಅಷ್ಟೇ ಉದ್ದದ ಸಾಲು ಕಂಡಾಗ, ಜೇಬಿನಲ್ಲಿ ಸಿಕ್ಕ ಯಾವುದೋ ಕಾಗದದಿಂದ ಇಬ್ಬರೂ ಕೈ ಒರೆಸಿಕೊಂಡೆವು.

ಆಟೋ ಏರಿದರೆ ಹಬ್ಬದ ಏಕಮುಖ ಸಂಚಾರ. ಸುಮಾರು ಒಂದು ಲಕ್ಷ ಬಲ್ಬುಗಳಲ್ಲಿ ಬೆಳಗುವ ಅರಮನೆಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೋರಿಸುತ್ತ ಚಾಲಕನು ನಮ್ಮಿಂದ ಪ್ರದಕ್ಷಿಣೆ ಮಾಡಿಸಿದನು. ಮೀಟರಿಗೂ ಅದರ ಪುಣ್ಯ ಸಂದಿತು.

ಒಳಗೆ ಹೋಗಿ ಕುರ್ಚಿ ಹಿಡಿದಾಗ ಕೊಳಲು ಮುಗಿದು ಗಾಯನ ನಡೆದಿತ್ತು. ತಣ್ಣನೆಯ ಗಾಳಿ, ತುಂಬಿದ ಹೊಟ್ಟೆ, ನಿಧಾನದ ಆಲಾಪನೆ: ನನ್ನ ತಲೆ ತಾನಾಗಿ ತೂಗತೊಡಗಿತು. ಪಕ್ಕದ ಹಿರಿಯರೊಬ್ಬರು ಅದನ್ನು ರಸಾಸ್ವಾದವೆಂದು ಭಾವಿಸಿ, ಮೊಣಕೈ ತಾಗಿಸಿ, "ಖರಹರಪ್ರಿಯ ರಾಗ ಅಲ್ಲವೇ ಸ್ವಾಮಿ?" ಎಂದು ಕೇಳಿದರು. "ಒಂದು ಪ್ಲೇಟ್ ಸಾಕು" ಎಂದೆನಂತೆ. ಮುಂದಿನ ಸಾಲಿನವರೂ ತಿರುಗಿ ನೋಡಿದರೆಂದು ಹೆಂಡತಿ ಈಗಲೂ ಹೇಳುತ್ತಾಳೆ.

ಮರುದಿನ ಬೆಳಿಗ್ಗೆ ಪಟ್ಟಿ ಹುಡುಕಿದಾಗ, ಹಿಂದಿನ ಸಂಜೆ ಕೈ ಒರೆಸಿದ ಕಾಗದ ಯಾವುದೆಂಬುದು ತಿಳಿಯಿತು. ಮಸಾಲೆ ಹರಡಿದ ಆ ಹಾಳೆಯಲ್ಲಿ ಓದಲು ಉಳಿದದ್ದು "ಕುಪ್ಪಣ್ಣ ಪಾರ್ಕ್" ಎಂಬೆರಡು ಪದಗಳು. ಹಾಗಾಗಿ ಆ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದೆವು. ಅಲ್ಲಿಯೂ ಸಾಲಿತ್ತು, ಆದರೆ ಹೂವು ತಿನ್ನುವಂತಿರಲಿಲ್ಲವಾದ್ದರಿಂದ ಬೇಗ ಮುಂದೆ ಸರಿಯಿತು.