ಕಣ್ಣು ಕಟ್ಟಿ ಓದಿಸೋಕೆ 25 ಸಾವಿರ, ಕನ್ನಡಕಕ್ಕೆ ಮಾತ್ರ ದುಡ್ಡಿಲ್ಲ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕಿಬಿಡುತ್ತೇನೆ, ಆಮೇಲೆ ನನ್ನ ಕನ್ನಡಕದ ಅಂಗಡಿ ಬಾಗಿಲು ತೆಗೆಯುತ್ತೇನೆ. ಉದ್ದ ಇದೆ, ಓದೋಕೆ ಪುರಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಹೇಗೂ ಅದೇ ಮಾಡುತ್ತೀರಿ.

ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಮಕ್ಕಳಿಗೆ 'ಮಿಡ್‌ಬ್ರೈನ್ ಆಕ್ಟಿವೇಶನ್' ಅಂತ ಕಾರ್ಯಕ್ರಮ ಇತ್ತು. ಮೆದುಳಿನ ಮಿಡ್‌ಬ್ರೈನ್ ಅನ್ನುವ ಭಾಗವನ್ನು ಎಬ್ಬಿಸಿದರೆ ಮಗು ಕಣ್ಣು ಕಟ್ಟಿಕೊಂಡೂ ಓದುತ್ತೆ ಅಂತೆ. ತಮ್ಮನ ಹೆಂಡತಿ ಬಿಡಲೇ ಇಲ್ಲ, ಎಳೆದುಕೊಂಡು ಹೋದಳು. ವೇದಿಕೆ ಮೇಲೆ ಎಂಟು ಹತ್ತು ವರ್ಷದ ಮಕ್ಕಳು, ಕಣ್ಣಿಗೆ ಕಪ್ಪು ಪಟ್ಟಿ. ಒಬ್ಬ ಹುಡುಗ ಪೇಪರ್ ಓದಿದ. ಇನ್ನೊಬ್ಬಳು ನೂರರ ನೋಟಿನ ನಂಬರ್ ಹೇಳಿದಳು. ಮತ್ತೊಬ್ಬ ಚೆಂಡಿನ ಬಣ್ಣ ಹೇಳಿದ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್, ಯಾರ ತಲೆ ನೋಡಬೇಕು ಯಾರ ಮಗು ನೋಡಬೇಕು ಗೊತ್ತಾಗಲಿಲ್ಲ. ಕೋಟು ಹಾಕಿದ ಮಹಾಶಯರು ಮೈಕ್ ಹಿಡಿದು, "ಮನುಷ್ಯ ಮೆದುಳಿನ ಬರೀ 10 ಪರ್ಸೆಂಟ್ ಬಳಸುತ್ತಾನೆ, ಉಳಿದ 90 ನಾವು ಓಪನ್ ಮಾಡಿಕೊಡುತ್ತೇವೆ, ನಾಸಾದವರೇ ಒಪ್ಪಿದ್ದಾರೆ" ಅಂದರು. ಫೀಸು 25 ಸಾವಿರ. ಅಣ್ಣ ತಂಗಿ ಇಬ್ಬರನ್ನೂ ಸೇರಿಸಿದರೆ ಡಿಸ್ಕೌಂಟ್ ಅಂತೆ.

ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಇಷ್ಟು ವರ್ಷ ಅಂಗಡಿಯಲ್ಲಿ ಅಕ್ಷರದ ಬೋರ್ಡ್ ಮುಂದೆ ಕೂತವರ ಮುಖ ನೋಡುವುದೇ ನನ್ನ ಕೆಲಸ. ಕಾಣದೇ ಇದ್ದರೂ ಕಂಡಿತು ಅನ್ನುವವರು ಏನೇನು ಮಾಡುತ್ತಾರೆ ನನಗೆ ಗೊತ್ತು. ಕತ್ತು ಎತ್ತುತ್ತಾರೆ, ಓರೆ ಮಾಡುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಆ ಮಕ್ಕಳೂ ಅದನ್ನೇ ಮಾಡುತ್ತಿದ್ದರು. ಕಾಗದವನ್ನು ಮೂಗಿನ ಕೆಳಗೆ ತಂದು, ಗದ್ದ ಸ್ವಲ್ಪ ಮೇಲೆತ್ತಿ, ಪಟ್ಟಿ ಸರಿ ಮಾಡಿಕೊಂಡ ಹಾಗೆ ಮಾಡಿ, ಆಮೇಲೆ ಓದುವುದು. ಮೂಗು ಉಬ್ಬಿರುತ್ತೆ, ಹಾಗಾಗಿ ಎಷ್ಟೇ ಬಿಗಿಯಾಗಿ ಪಟ್ಟಿ ಕಟ್ಟಿದರೂ ಅದರ ಎರಡೂ ಪಕ್ಕ ಸಂದಿ ಉಳಿಯುತ್ತೆ. ಜಾದೂಗಾರರಿಗೆ ಇದು ತುಂಬಾ ಹಳೆಯ ವಿದ್ಯೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಎಷ್ಟೋ ವರ್ಷದಿಂದ ಊರೂರು ತಿರುಗಿ ಇದನ್ನೇ ತೋರಿಸುತ್ತಿದ್ದಾರೆ.

ಎದ್ದು ನಿಂತು ಕೇಳಿದೆ. ಅದೇ ಪೇಪರನ್ನು ಮಗುವಿನ ತಲೆ ಹಿಂದೆ ಹಿಡಿದರೆ ಓದುತ್ತಾ? ಲೈಟ್ ಆರಿಸಿದರೆ? ಉತ್ತರ ಏನು ಗೊತ್ತಾ? "ನೆಗೆಟಿವ್ ಎನರ್ಜಿ ಇರೋರು ಎದುರಿಗಿದ್ದರೆ ಮಕ್ಕಳಿಗೆ ಆಗಲ್ಲ ಮೇಡಂ." ಸಭೆ ನಕ್ಕಿತು. ತಮ್ಮನ ಹೆಂಡತಿ ನನ್ನ ಸೆರಗು ಹಿಡಿದು ಕೂರಿಸಿದಳು. "ಅಕ್ಕಾ, ನೀವು ಕನ್ನಡಕ ಮಾರೋರು, ಅದಕ್ಕೇ ನಿಮಗೆ ಹೊಟ್ಟೆ ಉರಿ" ಅಂತ ಕಿವಿಯಲ್ಲಿ ಬೇರೆ. ಹೌದಮ್ಮ. ಮಕ್ಕಳೆಲ್ಲ ಕಣ್ಣು ಮುಚ್ಚಿ ಓದೋಕೆ ಶುರು ಮಾಡಿದರೆ ನನ್ನ ಅಂಗಡಿಗೆ ಬೀಗ ನೋಡು.

ಈಗ ಈ ಮಿಡ್‌ಬ್ರೈನ್ ವಿಷಯಕ್ಕೆ ಬರುತ್ತೇನೆ. ಅದು ನಿಜವಾಗಿ ಇರುವ ಭಾಗವೇ. ಮೆದುಳಿನ ಬುಡದಲ್ಲಿ, ಮೇಲಿನ ದೊಡ್ಡ ಮೆದುಳನ್ನೂ ಕೆಳಗಿನ ನರಗಳನ್ನೂ ಸೇರಿಸುವ ಪುಟ್ಟ ಭಾಗ. ಕಣ್ಣು ಮೇಲೆ ಕೆಳಗೆ ತಿರುಗಿಸುವುದರಲ್ಲಿ ಅದರ ಪಾತ್ರ ಇದೆ. ಅಲ್ಲಿನ ಕೆಲವು ಜೀವಕೋಶ ಸಾಯುತ್ತಾ ಬಂದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತೆ. ಕಣ್ಣಿಗೆ ಟಾರ್ಚ್ ಬಿಟ್ಟಾಗ ಪಾಪೆ ಚಿಕ್ಕದಾಗುತ್ತಲ್ಲ, ಆ ಸಂದೇಶ ಹೋಗಿ ಬರುವ ದಾರಿ ಮಿಡ್‌ಬ್ರೈನ್ ಮೂಲಕವೇ. ಅಂದರೆ ನಿಮ್ಮ ಮಗುವಿನ ಮಿಡ್‌ಬ್ರೈನ್ ಆಕ್ಟಿವೇಟ್ ಆಗಿದೆಯಾ ಅಂತ ನೋಡಬೇಕಾದರೆ ಮಂಡಿಪೇಟೆಯ ನನ್ನ ಅಂಗಡಿಗೆ ಬನ್ನಿ, ನಾನು ಟಾರ್ಚ್ ಬಿಟ್ಟು ಪುಕ್ಕಟೆ ತೋರಿಸುತ್ತೇನೆ. ಅದು ಕೆಲಸ ಮಾಡದೇ ಇದ್ದಿದ್ದರೆ ಮಗು ಕಲ್ಯಾಣ ಮಂಟಪದಲ್ಲಿ ಇರುತ್ತಿರಲಿಲ್ಲ, ಐಸಿಯುನಲ್ಲಿ ಇರುತ್ತಿತ್ತು.

10 ಪರ್ಸೆಂಟ್ ಅನ್ನುವುದು ಇನ್ನೊಂದು ಬುರುಡೆ. ಮೆದುಳು ನಮ್ಮ ಮೈತೂಕದಲ್ಲಿ ಶೇ. 2 ರಷ್ಟು ಮಾತ್ರ. ಆದರೆ ಸುಮ್ನೆ ಕೂತಿದ್ದರೂ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಹತ್ತರಲ್ಲಿ ಒಂಬತ್ತು ಪಾಲು ಖಾಲಿ ಬಿದ್ದಿದ್ದರೆ ಇಷ್ಟು ಯಾಕೆ ತಿನ್ನಬೇಕಿತ್ತು? ಸಣ್ಣ ಸ್ಟ್ರೋಕ್ ಆದವರನ್ನು ನೋಡಿ. ಮೆದುಳಿನ ಒಂದು ಚೂರು ಹೋದರೂ ಎಷ್ಟೋ ಸಲ ಮಾತೋ ಕೈಯೋ ಏನೋ ಒಂದು ಹೋಗುತ್ತೆ. ಉಳಿದ 90 ಸುಮ್ನೆ ಇದ್ದಿದ್ದರೆ ಆ ಏಟು ಯಾರಿಗೂ ಗೊತ್ತೇ ಆಗಬಾರದಿತ್ತು.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಆಶ್ಚರ್ಯ ಬೇಕು ಅಂತ ಇವರು ಸುಳ್ಳನ್ನು ದುಡ್ಡು ಕೊಟ್ಟು ತರುತ್ತಾರೆ, ನಿಜವಾದ ಆಶ್ಚರ್ಯ ಪುಕ್ಕಟೆ ಬಿದ್ದಿದೆ. ಈಗಲೇ ಒಂದು ಕಾಗದ ತಗೊಳ್ಳಿ. ಎಡಕ್ಕೆ ಒಂದು ಇಂಟು ಗುರುತು, ಅದರಿಂದ ನಾಲ್ಕು ಬೆರಳು ಬಲಕ್ಕೆ ಒಂದು ದಪ್ಪ ಚುಕ್ಕೆ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಇಂಟು ಗುರುತನ್ನೇ ನೋಡುತ್ತಾ ಕಾಗದವನ್ನು ನಿಧಾನಕ್ಕೆ ಹತ್ತಿರ ತನ್ನಿ. ಒಂದಡಿ ಆಸುಪಾಸು ಬಂದಾಗ ಚುಕ್ಕೆ ಮಾಯ! ಕಣ್ಣಿನ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. 1660ರ ದಶಕದಲ್ಲಿ ಮಾರಿಯೊಟ್ ಅನ್ನುವ ಫ್ರೆಂಚ್ ವಿಜ್ಞಾನಿ ಇದನ್ನು ಕಂಡುಹಿಡಿದ. ಹುಟ್ಟಿದಾಗಿನಿಂದ ನಮ್ಮ ಎರಡೂ ಕಣ್ಣಿನಲ್ಲಿ ಒಂದೊಂದು ತೂತು ಇದೆ, ನಮಗೆ ಗೊತ್ತೇ ಆಗಿಲ್ಲ. ಹರಿದ ಸೀರೆಗೆ ಅದೇ ಬಣ್ಣದ ನೂಲಿನಿಂದ ರಫು ಮಾಡಿದ ಹಾಗೆ, ಸುತ್ತಲಿನದನ್ನೇ ನೋಡಿ ಮೆದುಳು ಅಲ್ಲಿ ತುಂಬಿಸಿಬಿಡುತ್ತೆ.

ಇನ್ನೊಂದು. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ. ಕಣ್ಣು ಚಲಿಸಿದ್ದು ನಿಮಗೆ ಕಾಣುವುದೇ ಇಲ್ಲ, ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತೆ. ಕಣ್ಣು ಜಿಗಿಯುವ ಹೊತ್ತಿನಲ್ಲಿ ಬರುವ ಮಸುಕು ಚಿತ್ರವನ್ನು ಮೆದುಳು ಅಡಗಿಸಿಡುತ್ತೆ. ನಾವು ಕಣ್ಣು ಬಿಟ್ಟುಕೊಂಡೇ ದಿನಾ ಎಷ್ಟೋ ಸಾರಿ ಕುರುಡಾಗುತ್ತೇವೆ. ಇದಕ್ಕೆ ಯಾರಾದರೂ ಚಪ್ಪಾಳೆ ಹೊಡೆದಿದ್ದೀರಾ?

ಮಿಡ್‌ಬ್ರೈನ್‌ನಿಂದಲೇ ನೋಡಬೇಕು ಅಂತ ಅಷ್ಟು ಆಸೆ ಇದ್ದರೆ ಅದೂ ಇದೆ ಕಣ್ರೀ, ನಿಜವಾದದ್ದು. ಇಂಗ್ಲೆಂಡಿನ ವೈಸ್‌ಕ್ರಾಂಟ್ಸ್ ಅನ್ನುವ ವಿಜ್ಞಾನಿ 1974ರಲ್ಲಿ ಒಬ್ಬ ರೋಗಿಯ ಬಗ್ಗೆ ಬರೆದರು. ಆಪರೇಷನ್‌ನಲ್ಲಿ ಆತನ ಮೆದುಳಿನ ನೋಡುವ ಭಾಗದಲ್ಲಿ ಒಂದಷ್ಟನ್ನು ತೆಗೆದಿದ್ದರು. ಎಡಗಡೆ ಏನೂ ಕಾಣಲ್ಲ ಅನ್ನುತ್ತಿದ್ದ. ಆದರೂ ಅಂದಾಜಿನ ಮೇಲೆ ತೋರಿಸು ಅಂದರೆ ಬೆಳಕಿನ ಚುಕ್ಕೆ ಇರುವ ಕಡೆಗೇ ಬೆರಳು ಮಾಡುತ್ತಿದ್ದ. 2008ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಎರಡು ಸ್ಟ್ರೋಕ್ ಆಗಿ ಎರಡೂ ಕಡೆಯ ನೋಡುವ ಭಾಗ ಹಾಳಾದ ಮನುಷ್ಯ, ಕೋಲಿಲ್ಲದೆ, ಪೆಟ್ಟಿಗೆ ಕುರ್ಚಿ ಅಡ್ಡ ಇಟ್ಟ ಓಣಿಯಲ್ಲಿ ಒಂದಕ್ಕೂ ತಾಗದೆ ನಡೆದುಬಿಟ್ಟ. ಹೇಗೆ ನಡೆದೆ ಅಂತ ಆತನಿಗೇ ಗೊತ್ತಿಲ್ಲ. ಕಣ್ಣಿನಿಂದ ಹೊರಟ ಸುದ್ದಿಗೆ ಮೆದುಳಿನಲ್ಲಿ ಬೇರೆ ಹಳೆಯ ದಾರಿಗಳೂ ಇವೆ, ಅದರಲ್ಲಿ ಒಂದು ಮಿಡ್‌ಬ್ರೈನ್ ಮೂಲಕ ಹೋಗುತ್ತೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಒಂದು ಮಾತು ಮರೆಯಬೇಡಿ, ಈ ಇಬ್ಬರಿಗೂ ಕಣ್ಣು ತೆರೆದಿತ್ತು. ಬೆಳಕು ಒಳಗೆ ಹೋಗಲೇಬೇಕು. ಪಟ್ಟಿ ಕಟ್ಟಿದರೆ ಮಿಡ್‌ಬ್ರೈನ್‌ಗೂ ಕತ್ತಲೆ.

ಇನ್ನು ನನ್ನ ನಿಜವಾದ ಹೊಟ್ಟೆ ಉರಿ.

ನಿನ್ನೆ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದವರಲ್ಲಿ ಒಬ್ಬರು ನನಗೆ ಪರಿಚಯ. ಸ್ವಲ್ಪ ದಿನದ ಹಿಂದೆ ಮಗಳನ್ನು ಅಂಗಡಿಗೆ ಕರೆದುಕೊಂಡು ಬಂದಿದ್ದರು. ಹುಡುಗಿಗೆ ಶಾಲೆಯ ಬೋರ್ಡ್ ಕಾಣುವುದಿಲ್ಲ, ಪಕ್ಕದವಳ ನೋಟ್ಸ್ ನೋಡಿ ಬರೆದುಕೊಳ್ಳುತ್ತಾಳೆ. ಚೆಕ್ ಮಾಡಿದರೆ ಕಣ್ಣಿನ ನಂಬರ್ ಮೈನಸ್ ಎರಡೂವರೆ. ಆ ನಂಬರಿನ ಗಾಜು ಇಟ್ಟ ಪರೀಕ್ಷೆಯ ಫ್ರೇಮ್ ಹಾಕಿದ ತಕ್ಷಣ ಆ ಹುಡುಗಿ ಎದುರಿನ ಅಂಗಡಿಯ ಬೋರ್ಡನ್ನು ಜೋರಾಗಿ ಓದಿದಳು. ಅಪ್ಪ ಏನಂದರು? "ಹೆಣ್ಣು ಹುಡುಗಿ, ಈಗಲೇ ಕನ್ನಡಕ ಹಾಕಿದರೆ ಮುಂದೆ ಕಷ್ಟ ಆಗುತ್ತೆ. ಕ್ಯಾರೆಟ್ ತಿನ್ನಿಸಿ ನೋಡುತ್ತೇವೆ." ಕ್ಯಾರೆಟ್! ಸಾವಿರ ರೂಪಾಯಿಯ ಕನ್ನಡಕ ಬೇಡ, ಪಟ್ಟಿ ಕಟ್ಟಿಸಿ ಓದಿಸೋಕೆ 25 ಸಾವಿರ ಇದೆ. ಆ ಮಗುವಿಗೆ ಕಣ್ಣು ಬಿಟ್ಟರೇ ಕಾಣುತ್ತಿಲ್ಲ ಸ್ವಾಮಿ, ಮುಚ್ಚಿದರೆ ಏನು ಕಾಣಬೇಕು?

ಇದರಲ್ಲಿ ನನಗೆ ನಗು ಬರುವ ಇನ್ನೊಂದು ಸಂಗತಿ ಇದೆ. ಕಣ್ಣಿಗೆ ಪಟ್ಟಿ ಕಟ್ಟಿ ಮೆದುಳನ್ನು ನಿಜವಾಗಿ ಬದಲಾಯಿಸುವ ಚಿಕಿತ್ಸೆ ಇದೆ. ಲೇಜಿ ಐ ಅನ್ನುತ್ತೇವಲ್ಲ, ಅದಕ್ಕೆ. ಒಂದು ಕಣ್ಣಿನ ನಂಬರ್ ಜಾಸ್ತಿ ಇದ್ದರೆ, ಅಥವಾ ಮೆಳ್ಳಗಣ್ಣು ಇದ್ದರೆ, ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ನಿಲ್ಲಿಸುತ್ತೆ. ಕಣ್ಣು ನೋಡೋಕೆ ಸರಿ ಇರುತ್ತೆ, ಆದರೂ ಸರಿಯಾಗಿ ಕಾಣುವುದಿಲ್ಲ. ಹ್ಯೂಬೆಲ್ ಮತ್ತು ವೀಸೆಲ್ ಅನ್ನುವ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ ಇದನ್ನು ತೋರಿಸಿದರು. ಆಮೇಲೆ ಕಣ್ಣು ಬಿಡಿಸಿದರೂ ಮೆದುಳಿನ ಕೋಶಗಳು ಆ ಕಣ್ಣಿಗೆ ಓಗೊಡಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾಗಿ ಮಕ್ಕಳಿಗೆ ಡಾಕ್ಟರು ಸರಿಯಾದ ಕನ್ನಡಕ ಕೊಟ್ಟು, ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಹಾಕುತ್ತಾರೆ. ತೊಂದರೆ ತೀರಾ ಜಾಸ್ತಿ ಇಲ್ಲದಿದ್ದರೆ ದಿನಕ್ಕೆ 2 ಗಂಟೆಯೂ ಸಾಕಾಗಬಹುದು. ಮೆದುಳು ಬೇರೆ ದಾರಿ ಇಲ್ಲದೆ ಸೋಮಾರಿ ಕಣ್ಣಿನ ಮಾತು ಕೇಳೋಕೆ ಕಲಿಯುತ್ತೆ. ಚಿಕ್ಕ ವಯಸ್ಸಿನಲ್ಲೇ ಮಾಡಬೇಕು, ವಯಸ್ಸು ಜಾಸ್ತಿ ಆದಷ್ಟೂ ಫಲ ಕಡಿಮೆ. ಈ ಪಟ್ಟಿ ಹಾಕಿಸಿ ಅಂದರೆ "ಅಯ್ಯೋ, ಶಾಲೆಯಲ್ಲಿ ಎಲ್ಲರೂ ನಗುತ್ತಾರೆ" ಅನ್ನುತ್ತಾರೆ. ಆ ಪಟ್ಟಿಗೆ ಯಾರೂ ವಿಡಿಯೋ ಮಾಡಲ್ಲ.

ಮೆದುಳು ನೋಡೋಕೆ ಕಲಿಯುತ್ತೆ ಅಂದರೆ ನಂಬದವರಿಗೆ ನಮ್ಮ ದೇಶದ್ದೇ ಉದಾಹರಣೆ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್. ಹುಟ್ಟುವಾಗಲೇ ಪೊರೆ ಬಂದು ಕಾಣದೇ ಇದ್ದ ಮಕ್ಕಳನ್ನು ಹುಡುಕಿ ಆಪರೇಷನ್ ಮಾಡಿಸುತ್ತಾರೆ. ಹೀಗೆ ಕಣ್ಣು ಬಂದವರು, ಕೈಯಲ್ಲಿ ಮುಟ್ಟಿ ಗೊತ್ತಿದ್ದ ವಸ್ತುವನ್ನು ಬರೀ ನೋಡಿ ಗುರುತಿಸುತ್ತಾರಾ? 1688ರಲ್ಲಿ ಐರ್ಲೆಂಡಿನ ಮಾಲಿನ್ಯೂ ಅನ್ನುವವರು ಎತ್ತಿದ ಪ್ರಶ್ನೆ ಇದು. 2011ರಲ್ಲಿ ಈ ಮಕ್ಕಳಿಂದ ಉತ್ತರ ಸಿಕ್ಕಿತು. ತಕ್ಷಣ ಗುರುತಿಸಲಿಲ್ಲ. ಕೆಲವು ದಿನ ಕಳೆಯುವುದರಲ್ಲಿ ಕಲಿತುಬಿಟ್ಟರು.

ನಾಸಾ ಹೆಸರು ಹೇಳಿದರಲ್ಲ ಆ ಕೋಟಿನವರು, ಅಷ್ಟು ದೂರ ಯಾಕೆ? 2023ರ ಏಪ್ರಿಲ್ 2ರಂದು ಇಲ್ಲೇ ನಮ್ಮ ಚಳ್ಳಕೆರೆ ಕಡೆ ಇಸ್ರೋದವರು ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರುವ ವಾಹನದ ರೆಕ್ಕೆ ಇರುವ ಮಾದರಿಯನ್ನು ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಬಿಟ್ಟರು. ಒಳಗೆ ಯಾರೂ ಇಲ್ಲ. ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ಕಣ್ಣಿಲ್ಲದೆ ನೋಡುವುದು ಅಂದರೆ ಅದಪ್ಪ! ನಿನ್ನೆ ಅಕ್ಕಪಕ್ಕ ಕೂತವರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತು, ಈಗ ಕೆಲವರು ಹೇಳುತ್ತೀರಿ. "ಹೋಗಲಿ ಬಿಡಿ, ಮಕ್ಕಳಿಗೆ ಧೈರ್ಯ ಬರುತ್ತೆ, ಏಕಾಗ್ರತೆ ಬರುತ್ತೆ." ಏಕಾಗ್ರತೆ ಬೇಕಿದ್ದರೆ ಚೆಸ್ ಬೋರ್ಡ್ ತಂದುಕೊಡಿ, ನೂರಿನ್ನೂರು ರೂಪಾಯಿ. ಇಲ್ಲಿ ಮಗು ಕಲಿಯುವುದು ಬೇರೆ. ಸಂದಿಯಿಂದ ಇಣುಕಿ ನೋಡಿ, ನೋಡಿಲ್ಲ ಅಂದರೆ, ಅಪ್ಪ ಅಮ್ಮ ಮುತ್ತು ಕೊಡುತ್ತಾರೆ ಅಂತ ಕಲಿಯುತ್ತೆ. ನೋಡಿದೆ ಅಂತ ನಿಜ ಹೇಳಿದರೆ 25 ಸಾವಿರ ಹಾಳಾಯಿತಲ್ಲ ಅಂತ ಮುಖ ಸಣ್ಣ ಮಾಡುತ್ತಾರೆ. ಎಂಟು ವರ್ಷದ ಮಗು ಏನು ಮಾಡಬೇಕು ಹೇಳಿ. "ವಿಜ್ಞಾನಕ್ಕೆ ಎಲ್ಲಾ ಗೊತ್ತಾ?" ಅನ್ನುವವರೂ ಬರುತ್ತೀರಿ. ಗೊತ್ತಿಲ್ಲ. ಆದರೆ ಮೂಗಿನ ಪಕ್ಕದ ಸಂದಿ ಗೊತ್ತು.

ಇಷ್ಟು ಸಿಟ್ಟು ಯಾಕೆ ಅಂತ ನಮ್ಮನೆಯವರು ರಾತ್ರಿ ಕೇಳಿದರು. ಅವ್ವನ ವಿಷಯ ನಾನು ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಅವ್ವನ ಕೊನೆಯ ವರ್ಷಗಳಲ್ಲಿ ಎರಡೂ ಕಣ್ಣಲ್ಲೂ ಮಧ್ಯದ ದೃಷ್ಟಿ, ಅಂದರೆ ನೇರ ಎದುರಿನದನ್ನು ನೋಡುವುದು, ಹೋಗಿತ್ತು. ಒಂದು ಮಧ್ಯಾಹ್ನ ಜಗುಲಿ ಮೇಲೆ ಕೂತು, "ಅಂಗಳದಾಗ ದಿಬ್ಬಣ ಬಂದೈತಿ ನೋಡು, ಎಲ್ಲರೂ ಜರಿ ರುಮಾಲು ಸುತ್ಯಾರ, ಒಬ್ಬರೂ ಮಾತಾಡವಲ್ಲರು" ಅಂದಳು. ಅಂಗಳ ಖಾಲಿ. ನೆಂಟರು ಗಾಳಿ ಸೋಕಿದೆ ಅಂದರು, ತಾಯತ ತಂದರು, ಒಬ್ಬರಂತೂ ಅರಳುಮರಳು ಅಂತ ಅವಳೆದುರೇ ಅಂದರು. ಅವ್ವ ಆಮೇಲೆ ಹೇಳುವುದನ್ನೇ ಬಿಟ್ಟಳು. ಕಣ್ಣಿನ ಡಾಕ್ಟರು ಒಬ್ಬರು ಬಿಡಿಸಿ ಹೇಳಿದರು. ಕಣ್ಣಿನಿಂದ ಸುದ್ದಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತೆ, ಹುಚ್ಚಲ್ಲ, ದೆವ್ವ ಅಲ್ಲ, ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಬೊನೆ 1760ರಲ್ಲೇ ತನ್ನ ತಾತನಿಗೆ ಹೀಗೆ ಕಾಣುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವ್ವ ಅದನ್ನು ಕೇಳಿ, "ನಂಗೂ ಗೊತ್ತಿತ್ತು ಅವರು ಇಲ್ಲ ಅಂತ, ನಿಮಗ್ಯಾಕ ಹೇಳಿ ಬೈಸಿಕೊಳ್ಳಲಿ" ಅಂದಳು. ಆಮೇಲೆ ನಾವು ದಿನಾ ಕೇಳುತ್ತಿದ್ದೆವು, ಇವತ್ತು ಯಾರು ಬಂದಿದ್ದರವ್ವಾ ಅಂತ. ಅವಳು ಸೀರೆಯ ಬಣ್ಣ ಸಮೇತ ಹೇಳುತ್ತಿದ್ದಳು. ಅವತ್ತು ಅರಳುಮರಳು ಅಂದವರೇ ನಿನ್ನೆ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದರು. ಸಿಟ್ಟು ಬರದೆ ಇನ್ನೇನು ಬರಬೇಕು?

ಮಕ್ಕಳಿರುವವರು ಇಷ್ಟು ಮಾಡಿ. ಟಿವಿ ಹತ್ತಿರ ಹೋಗಿ ನೋಡುತ್ತಿದ್ದರೆ, ತಲೆ ಓರೆ ಮಾಡಿ ಓದುತ್ತಿದ್ದರೆ, ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದು ಮುಚ್ಚಿದಾಗ ಮಾತ್ರ ಅಳುತ್ತಿದ್ದರೆ, ಕಣ್ಣಿನ ಡಾಕ್ಟರಿಗೆ ತೋರಿಸಿ. ನನ್ನ ಅಂಗಡಿಗೇ ಬನ್ನಿ ಅಂತಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲೂ ನೋಡುತ್ತಾರೆ. ಆ ಕೋಟಿನವರಿಗೂ ಆಹ್ವಾನ ಇದೆ. ಮಗುವಿನ ಎರಡೂ ಕಣ್ಣಿಗೆ ಹತ್ತಿ ಇಟ್ಟು, ಮೇಲೆ ಕಪ್ಪು ಬಳಿದ ಈಜು ಕನ್ನಡಕ ಹಾಕುತ್ತೇನೆ. ಬೋರ್ಡಿನ ಮೇಲಿನ ದೊಡ್ಡ ಅಕ್ಷರ ಒಂದೇ ಒಂದು ಓದಿಸಿದರೆ 25 ಸಾವಿರ ನಾನೇ ಕೊಡುತ್ತೇನೆ, ಡಿಸ್ಕೌಂಟ್ ಬೇಡ.

ಇದೆಲ್ಲ ಧ್ಯಾನಶಕ್ತಿ, ನಿಮಗೆ ಅರ್ಥ ಆಗಲ್ಲ ಅಂತ ಕಾಮೆಂಟ್ ಹಾಕುವವರು ದಯವಿಟ್ಟು ಈ ಪೋಸ್ಟನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಓದಿ, ಆಮೇಲೆ ಹಾಕಿ.